ಗುಣವತಿ ತೂಗುಹಾಕಿದ ಬಲೆ

ಉಡುಪಿಯ ಬನ್ನಂಜೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಬ್ಬಿಣದ ದೊಡ್ಡ ದೊಡ್ಡ ಶಿಲ್ಪಗಳನ್ನು ಮಾಡುವ ಗುಣವತಿಗೆ ಈಗ ನಲವತ್ತೇಳು ವರ್ಷ. ಗಟ್ಟಿ ಹೆಂಗಸು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅವರು ಇಷ್ಟು ವರ್ಷ ಮಾಡಿದ ಕೆಲಸವನ್ನೆಲ್ಲ ಹೆದರಿಕೊಂಡೇ ಮಾಡಿದ್ದು.

ಹುಟ್ಟಿದ್ದು ಕಾರ್ಕಳದಲ್ಲಿ. ತಂದೆ ಚೆನ್ನಪ್ಪ ಕಲ್ಲು ಕೆತ್ತುವವರು. ಗುಣವತಿಗೆ ಹನ್ನೊಂದು ತುಂಬಿದ ವರ್ಷ, ಲಾರಿಯಿಂದ ಇಳಿಸುತ್ತಿದ್ದ ಕರಿಕಲ್ಲೊಂದು ಸರಪಳಿಯಿಂದ ಜಾರಿ ತಂದೆಯ ಕಾಲ ಮೇಲೆ ಬಿತ್ತು. ಜೀವ ಉಳಿಯಿತು, ಕೆಲಸ ಉಳಿಯಲಿಲ್ಲ. ಕಲ್ಲು ಬೀಳುವ ಮುಂಚೆ ಸರಪಳಿ ಒಮ್ಮೆ ಸದ್ದು ಮಾಡಿತ್ತು. ಪಕ್ಕದಲ್ಲಿದ್ದ ಹುಡುಗಿ ಗುಣವತಿ ಅದನ್ನು ಕೇಳಿಯೂ ಸುಮ್ಮನಿದ್ದಳು. ಅದನ್ನು ಅವರು ಇಂದಿಗೂ ಮರೆತಿಲ್ಲ.

ಮೈಸೂರಿನಲ್ಲಿ ಶಿಲ್ಪಕಲೆ ಕಲಿತು ಬಂದವರು ಕಲ್ಲನ್ನು ಮುಟ್ಟಲಿಲ್ಲ, ಕಬ್ಬಿಣ ಹಿಡಿದರು. ಕಾಪು ಕಡಲ ಕಿನಾರೆಯಲ್ಲಿ ನಡೆದ ಶಿಬಿರವೊಂದರಲ್ಲಿ ಹಳೆಯ ಮೀನುಗಾರಿಕಾ ದೋಣಿಗಳ ಗುಜರಿಯಿಂದ, ಒಳಹೊಕ್ಕು ನಡೆಯಬಹುದಾದ ಇಪ್ಪತ್ತು ಅಡಿ ಎತ್ತರದ ಶಂಖ ಮಾಡಿದರು. ಜನ ಮಕ್ಕಳನ್ನು ಕರೆದುಕೊಂಡು ಬಂದು ನೋಡಿದರು. ಪ್ರದರ್ಶನದ ಮೂರು ದಿನವೂ ಗುಣವತಿ ಅಲ್ಲಿಂದ ಕದಲಲಿಲ್ಲ. ಒಳಗೆ ಹೋದ ಪ್ರತಿ ಮಗುವೂ ಹೊರಗೆ ಬರುವವರೆಗೆ ಬಾಯಲ್ಲೇ ನಿಂತು ಎಣಿಸುತ್ತಿದ್ದರು. ಆಮೇಲೆ ಊರೂರಿನಿಂದ ಕೆಲಸಗಳು ಬಂದವು. ಕಲ್ಯಾಣಪುರದ ವೆಲ್ಡರ್ ಲಿಯೋನೆಲ್ ಮೊದಲಿನಿಂದಲೂ ಜೊತೆಗಿದ್ದರು.

ಎರಡು ವರ್ಷದ ಹಿಂದೆ ಮಣಿಪಾಲದ ಹೊಸ ಹೋಟೆಲೊಂದರ ಮಾಲೀಕ ಕೃಷ್ಣರಾಜರು ತಮ್ಮ ಲಾಬಿಗೆ ಶಿಲ್ಪ ಬೇಕೆಂದರು. ಗುಣವತಿ ಒಂಬತ್ತು ಕ್ವಿಂಟಾಲಿನ ಬಲೆ ಮಾಡಿದರು. ಸಾವಿರಾರು ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಬೆಸೆದ, ಬೆಸ್ತ ಬೀಸಿದ ಕ್ಷಣದಲ್ಲೇ ಗಾಳಿಯಲ್ಲಿ ನಿಂತಂತಿದ್ದ ಬಲೆ. ಸ್ಲ್ಯಾಬಿಗೆ ನಾಲ್ಕು ಬೋಲ್ಟು ಕೂರಿಸಿ, ಅದನ್ನು ನಾಲ್ಕು ಮೂಲೆಗಳಲ್ಲಿ ಉಕ್ಕಿನ ಹಗ್ಗದಿಂದ ತೂಗುಹಾಕಿದ್ದಾಯಿತು. ಸ್ಲ್ಯಾಬ್ ಗಟ್ಟಿ ಉಂಟು ಎಂದು ಕಟ್ಟಡದ ಕಂಟ್ರಾಕ್ಟರ್ ಹೇಳಿದ್ದರು. ಗುಣವತಿ ಆ ಮಾತನ್ನು ನಂಬಿದ್ದರು.

ಮೂರನೆಯ ದಿನ ಬೆಳಿಗ್ಗೆ ಬಲೆಯ ಕೆಳಗೆ ನಿಂತಿದ್ದಾಗ ಮೇಲಿನಿಂದ ಟಕ್ ಎಂದು ಸಣ್ಣ ಸದ್ದು ಬಂತು.

“ಲಿಯೋನೆಲಣ್ಣ, ಕೇಳಿತಾ?”

“ಎಂತದ್ದು? ಎಸಿಯ ಶಬ್ದ ಇರಬೇಕು ಗುಣಕ್ಕ.”

ಅವರಿಗೆ ಸಮಾಧಾನವಾಗಲಿಲ್ಲ. ಟೇಪು ಹಿಡಿದು ನೆಲದಿಂದ ಅಳೆದರು. ಮೂರು ಮೂಲೆಗಳು ತೂಗುಹಾಕಿದ ದಿನದ ಅಳತೆಯಲ್ಲೇ ಇದ್ದವು. ಬಡಗು ದಿಕ್ಕಿನ ಮೂಲೆ ಅರ್ಧ ಇಂಚು ಕೆಳಗೆ ಬಂದಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಅಳೆದರು. ಇನ್ನೊಂದು ನೂಲಿನಷ್ಟು ಇಳಿದಿತ್ತು.

ಕೃಷ್ಣರಾಜರು ಒಪ್ಪಲಿಲ್ಲ. “ಕಟ್ಟಡದ ಇಂಜಿನಿಯರ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ ಅಲ್ವಾ ಮೇಡಂ. ನಾಳೆ ಇಲ್ಲಿ ಆರುನೂರು ಜನರ ಮದುವೆ ರಿಸೆಪ್ಶನ್ ಉಂಟು. ಈಗ ಇಳಿಸಿ ಎಂದರೆ ನಾನು ಹುಡುಗಿಯ ಮನೆಯವರಿಗೆ ಎಂತ ಹೇಳುವುದು?”

“ಸರ್ಟಿಫಿಕೇಟ್ ಕೊಟ್ಟವರು ಅದರ ಕೆಳಗೆ ನಿಲ್ಲುವುದಿಲ್ಲ ಸರ್.”

“ನಾನು ಕೂತುಕೊಳ್ಳುತ್ತೇನೆ, ಆಯಿತಾ?” ಎಂದ ಕೃಷ್ಣರಾಜರು ಕುರ್ಚಿ ಎಳೆದು ಬಡಗಿನ ಮೂಲೆಯ ಕೆಳಗೇ ಕೂತರು. ಗುಣವತಿ ಏಳಿ ಎಂದು ಬೇಡಿಕೊಂಡರು. ಅವರು ನಕ್ಕು ಫೋನು ನೋಡತೊಡಗಿದರು. ಐದಾರು ನಿಮಿಷ ಕಳೆದಿರಬಹುದು. ಮತ್ತೆ ಟಕ್ ಎಂದಿತು. ಅವರ ಬಿಳಿ ಅಂಗಿಯ ಭುಜದ ಮೇಲೆ ಒಂದು ಚಿಟಿಕೆ ಸಿಮೆಂಟಿನ ಪುಡಿ ಬಿತ್ತು. ಅದನ್ನು ನೋಡಿ, ತಲೆ ಎತ್ತಿ ನೋಡಿ, ಎದ್ದು ದೂರ ಹೋದರು. ಹತ್ತು ನಿಮಿಷದಲ್ಲಿ ಲಾಬಿ ಖಾಲಿಯಾಯಿತು.

ಇನ್ನು ಯಾರಾದರೂ ಮೇಲೆ ಹತ್ತಿ, ಸ್ಲ್ಯಾಬಿನ ತೊಲೆಗೆ ಸರಪಳಿ ರಾಟೆ ಕಟ್ಟಿ ಆ ಮೂಲೆಯ ಭಾರವನ್ನು ಅದಕ್ಕೆ ಕೊಡಬೇಕಿತ್ತು. ಲಿಯೋನೆಲ್‌ಗೆ ಅರವತ್ತೊಂದು ವರ್ಷ. ಒಬ್ಬರನ್ನೇ ಕಳಿಸಲು ಗುಣವತಿಗೆ ಮನಸ್ಸಾಗಲಿಲ್ಲ. ಇಬ್ಬರೂ ಕಬ್ಬಿಣದ ಅಟ್ಟಣಿಗೆ ಹತ್ತಿದರು. ಮೇಲೆ ಹೋಗಿ ನೋಡಿದರೆ ಬೋಲ್ಟು ಬೆರಳಗಲ ಹೊರಗೆ ಬಂದಿತ್ತು. ಸುತ್ತಲಿನ ಸಿಮೆಂಟು ಉಗುರು ತಾಗಿದರೆ ಉದುರುತ್ತಿತ್ತು, ಒಳಗೆ ಪೊಳ್ಳು.

“ಮಾತಾಡಬೇಡಿ ಗುಣಕ್ಕ, ಕೊಕ್ಕೆ ಕೊಡಿ,” ಎಂದರು ಲಿಯೋನೆಲ್.

ಕೊಕ್ಕೆ ಸಿಕ್ಕಿಸಿ ಸರಪಳಿಯನ್ನು ಬಿಗಿ ಮಾಡುತ್ತಿದ್ದ ಹಾಗೆಯೇ ಬೋಲ್ಟು ಕಿತ್ತು ಬಂತು. ಬಲೆ ಒಂದು ಗೇಣು ಕುಸಿದು ಸರಪಳಿಯಲ್ಲಿ ನಿಂತಿತು. ಸಾವಿರಾರು ಬಳೆಗಳೂ ಒಟ್ಟಿಗೆ ಝಣಗುಟ್ಟಿದವು, ಅಟ್ಟಣಿಗೆ ತೊಟ್ಟಿಲಿನಂತೆ ತೂಗಿತು. ಗುಣವತಿ ಎರಡೂ ಕೈಯಲ್ಲಿ ಲಿಯೋನೆಲರ ಬೆಲ್ಟು ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಸದ್ದು ನಿಂತ ಮೇಲೂ ಎಷ್ಟೋ ಹೊತ್ತು ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಬಲೆ ನೆಲಕ್ಕಿಳಿಯಿತು. ಉಳಿದ ಮೂರು ಬೋಲ್ಟುಗಳಲ್ಲಿ ಇನ್ನೊಂದು ಕೂಡ ಸಡಿಲವಾಗಿತ್ತು. ಮರುದಿನದ ರಿಸೆಪ್ಶನ್ ಖಾಲಿ ಚಾವಣಿಯ ಕೆಳಗೆ ನಡೆಯಿತು.

ಲಿಯೋನೆಲ್ ಆ ವಾರವೇ ಕೆಲಸ ಬಿಟ್ಟರು. ಕ್ಷಮೆ ಕೇಳಲು ಕಲ್ಯಾಣಪುರದ ಮನೆಗೆ ಹೋದಾಗ ಅವರ ಹೆಂಡತಿ ಒಲಿಂಡಾ ಚಾ ತಂದಿಟ್ಟರು, ಮುಖ ನೋಡಲಿಲ್ಲ. “ತಪ್ಪು ನನ್ನದು. ಸ್ಲ್ಯಾಬನ್ನು ನಾನೇ ಕೊರೆದು ನೋಡಬೇಕಿತ್ತು,” ಎಂದರು ಗುಣವತಿ.

“ಹೌದು,” ಎಂದರು ಒಲಿಂಡಾ. “ನೋಡಬೇಕಿತ್ತು.”

ವರ್ಷವಿಡೀ ಗುಣವತಿ ಯಾವ ಕೆಲಸವನ್ನೂ ಒಪ್ಪಿಕೊಳ್ಳಲಿಲ್ಲ. ಈಗ ಮತ್ತೆ ತೂಗುಹಾಕುತ್ತಾರೆ. ಆದರೆ ಮೊದಲು ತಾವೇ ಏಣಿ ಹತ್ತಿ ಡ್ರಿಲ್ ಹಿಡಿದು ಹತ್ತು ಕಡೆ ಕೊರೆದು ನೋಡುತ್ತಾರೆ. ತಡವಾಗುತ್ತದೆ ಎಂದು ಇಬ್ಬರು ಗಿರಾಕಿಗಳು ಬಿಟ್ಟು ಹೋದರು. ಹೋದ ತಿಂಗಳು ನನಗೆ ಸಿಕ್ಕಿದಾಗ, ಹೆದರಿಕೆ ಸ್ವಲ್ಪ ಕಡಿಮೆ ಆಯಿತಾ ಎಂದು ಕೇಳಿದೆ.

“ಇಲ್ಲಪ್ಪ,” ಎಂದರು. “ಕಡಿಮೆ ಆದ ದಿನ ಈ ಕೆಲಸ ಬಿಡುತ್ತೇನೆ.”