ಗಿಡ್ಡಮ್ಮನಿಗೆ ಐದಕ್ಕೆ ಎರಡು

ಅತ್ತಿಗುಂಡಿಯ ಶಾಂತವೀರಪ್ಪನವರು ಮೂವತ್ತೊಂದು ವರ್ಷ ಕಾಫಿ ಎಸ್ಟೇಟಿನ ರೈಟರ್ ಆಗಿದ್ದರು. ಹಾಜರಿ ಪುಸ್ತಕವೇ ಅವರ ರಣರಂಗ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲೇ ಗದೆ. ಆ ಮಹಾಯುದ್ಧದಲ್ಲಿ ಅವರಿಗೆ ಒಲಿದ ಜ್ಞಾನ ಒಂದೇ: ಎಲ್ಲರಿಗೂ ಪೂರ್ತಿ ಹಾಜರಿ ಹಾಕಿದರೆ ಧಣಿಗಳು ನಂಬುವುದಿಲ್ಲ. ಆದ್ದರಿಂದ ವಾರಕ್ಕೆ ನಾಲ್ಕಾರು ಹೆಸರಿನ ಮುಂದೆ ‘ಅರ್ಧ ದಿನ’ ಎಂದು, ಉಪ್ಪಿಟ್ಟಿಗೆ ಕೊತ್ತಂಬರಿ ಉದುರಿಸುವಂತೆ ಉದುರಿಸುತ್ತಿದ್ದರು.

ನಿವೃತ್ತರಾದ ಮೇಲೆ, 2007ರಲ್ಲಿ, ದೇವರಾಜನ ಹೋಂಸ್ಟೇಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡರು. ಅಲ್ಲಿ ಕಾರು ಗೇಟಿನಾಚೆಯೇ ನಿಲ್ಲಬೇಕು. ಹೊಗೆಯಿಲ್ಲ, ಹಾರ್ನ್ ಇಲ್ಲ. ಹಿಂದೆ ಅದೇ ಎಸ್ಟೇಟಿನಲ್ಲಿ ಕೂಲಿ ಮಾಡಿ ಈಗ ದಾರಿ ತೋರಿಸುವ ಗಿಡ್ಡಮ್ಮನ ಬೆನ್ನಿಗೆ ಮೂರು ಮೈಲಿ ಕಾಡಿನಲ್ಲಿ ನಡೆದು ಗುಡ್ಡದ ತುದಿ ಸೇರಬೇಕು. ಇಂಥ ಪ್ರವಾಸ ಜನರಿಗೆ ಹೇಗನ್ನಿಸುತ್ತದೆಂದು ಅಧ್ಯಯನ ಮಾಡುತ್ತಿದ್ದ ಮೇಘಶ್ರೀ ಎಂಬ ಹುಡುಗಿ ಅರವತ್ತು ಫಾರಂ ಕೊಟ್ಟು ಹೋದಳು. ಕಾಡು, ಗಾಳಿ, ನಡಿಗೆ, ದಾರಿ ತೋರಿಸಿದವರು, ಎಲ್ಲಕ್ಕೂ ಐದರಲ್ಲಿ ಅಂಕ.

“ಬಂದವರೇ ತುಂಬಬೇಕು ಸಾರ್.”

“ನನಗೆ ಹೇಳ್ಕೊಡ್ತೀಯೇನಮ್ಮ?” ಎಂದರು ರೈಟರು.

ಬಂದವರು ಫಾರಂನಿಂದ ಗಾಳಿ ಬೀಸಿಕೊಂಡರು, ಜಿಗಣೆ ಕೆರೆದು ತೆಗೆದರು, ಕಾರು ಹತ್ತಿ ಹೋದರು. ಐವತ್ತೆರಡು ಫಾರಂ ಖಾಲಿ! ಶಾಂತವೀರಪ್ಪನವರು ಗದೆ ಎತ್ತಿದರು. ಗೇಟಿನಿಂದಲೇ ಕಂಡ ಮುಖಗಳನ್ನು ನೆನೆದು ಕಾಡಿಗೆ ಐದು, ಗಾಳಿಗೆ ಐದು ಬರೆದರು. ಎಲ್ಲವೂ ಐದಾದರೆ ಯಾರು ನಂಬುತ್ತಾರೆ? ಕೊತ್ತಂಬರಿ ಬೇಕಲ್ಲ! ಕಾಡನ್ನು ಬೈಯಲು ಭಯ. ಗಿಡ್ಡಮ್ಮ ಎದುರು ಮಾತಾಡಿದವಳಲ್ಲ. ಅವಳ ಸಾಲಿನಲ್ಲಿ ಕೈತುಂಬ ಎರಡುಗಳನ್ನು ಉದುರಿಸಿದರು.

ತಿಂಗಳ ನಂತರ ದೇವರಾಜ ಮೇಘಶ್ರೀ ಕಳಿಸಿದ ವರದಿ ಹಿಡಿದು ಬಂದ.

“ಕಾಡು ಐದಂತೆ, ಗಿಡ್ಡಮ್ಮ ಎರಡೂವರೆಯಂತೆ ಮಾರಾಯ್ರೇ! ಜನಕ್ಕೆ ಅವಳ ಹಿಂದೆ ನಡೆಯೋದು ಬೇಡ ಅಂತ ಕಾಣ್ತದೆ. ಸೋಮವಾರದಿಂದ ಜೀಪ್ ಬಿಡ್ತೇನೆ. ಅವಳಿಗೆ ನೀವೇ ಹೇಳ್ಬಿಡಿ.”

ಸಾಮ್ರಾಜ್ಯ ಕಳೆದುಕೊಂಡ ರಾಜನಂತೆ ಶಾಂತವೀರಪ್ಪನವರು ಗಿಡ್ಡಮ್ಮನ ಮನೆಗೆ ನಡೆದರು. ಅವಳು ಕಪ್ಪು ಕಾಫಿ ಕೊಟ್ಟಳು. ಜೀಪಿನ ಸುದ್ದಿ ಹೇಳಲು ಹೋದವರ ಬಾಯಿಂದ ಪೆನ್ಸಿಲ್ಲಿನ ಸುದ್ದಿಯೇ ಹೊರಬಿತ್ತು.

“ನೀವು ಒಂದಿನಾನಾದ್ರೂ ನನ್ನ ಹಿಂದೆ ಗುಡ್ಡ ಹತ್ತಿದ್ರಾ?” ಎಂದಳು ಗಿಡ್ಡಮ್ಮ.

“ಇಲ್ಲ.”

“ಎಸ್ಟೇಟಲ್ಲಿ ನನಗೆ ಅರ್ಧ ದಿನ ಹಾಕ್ತಿದ್ರಲ್ಲ, ಅದೂ ಹಿಂಗೇನಾ?”

ಇದನ್ನು ಯಾರೂ ಕೇಳಿರಲಿಲ್ಲ. ಮೂವತ್ತೊಂದು ವರ್ಷದ ಕೊತ್ತಂಬರಿ ಒಮ್ಮೆಗೇ ತಲೆಯ ಮೇಲೆ ಸುರಿಯಿತು.

“ಹೌದು ಗಿಡ್ಡಮ್ಮ, ಹಿಂಗೇ.”

ಅವಳು ಒಲೆಯ ಕೊಳ್ಳಿ ಹೊರಗೆಳೆದು ಆರಿಸಿದಳು. ಆಮೇಲೆ, “ಏಳಿ, ದೇವರಾಜ ಧಣಿಗಳ ಹತ್ರ ಹೋಗೋಣ. ನನಗೆ ಹೇಳಿದ್ದನ್ನೇ ಅಲ್ಲೂ ಹೇಳಿ” ಎಂದಳು.

ಹೇಳಿದರು. ದೇವರಾಜ ನಗಲಿಲ್ಲ, ಅದೇ ದೊಡ್ಡ ಶಿಕ್ಷೆ. ಫೋನಿನಲ್ಲಿ ಮೇಘಶ್ರೀ, “ಅರವತ್ತನ್ನೂ ಹರಿದು ಹಾಕ್ತೀನಿ. ಮತ್ತೆ ಮಾಡೋಣ” ಎಂದಳು. ಜೀಪು ದೀಪಾವಳಿಯವರೆಗೆ ಕಾಯಲಿ ಎಂದಾಯಿತು. ಈ ಸಲ ಫಾರಂ ಗುಡ್ಡದ ತುದಿಯಲ್ಲೇ ತುಂಬಿಸಬೇಕು, ಅದನ್ನು ಹೊತ್ತು ನಡೆಯಬೇಕಾದವರು ರೈಟರು!

ನಡೆದರು. ಏದುಸಿರು ಬಿಟ್ಟರು. ಅವರ ಕಾಲಿನ ಜಿಗಣೆಗೆ ಗಿಡ್ಡಮ್ಮ ಸುಣ್ಣ ಹಚ್ಚಿದಾಗ ತಲೆ ಎತ್ತಲಾಗಲಿಲ್ಲ. ದೀಪಾವಳಿಯ ಹೊತ್ತಿಗೆ ಅವಳ ಸಾಲಿನಲ್ಲಿ ನಾಲ್ಕು, ಐದುಗಳೇ. ಕೊನೆಯ ದಿನ ಮಾತ್ರ ಒಬ್ಬಾತ ಎರಡು ಕೊಟ್ಟ. ಶಾಂತವೀರಪ್ಪನವರ ಬೆರಳು ರಬ್ಬರಿನತ್ತ ಹೋಯಿತು.

“ಎಷ್ಟು ಕೊಟ್ಟವ್ನೆ?” ಎಂದಳು ಗಿಡ್ಡಮ್ಮ.

“ಎರಡು.”

“ಇರ್ಲಿ ಬಿಡಿ. ಬೇಡ ಅಂದ್ರೂ ಹವಾಯಿ ಚಪ್ಪಲಿ ಹಾಕ್ಕೊಂಡು ಬಂದು ಮೂರು ಸಲ ಬಿದ್ದ. ಅವನದು ನಿಜವಾದ ಎರಡು.”

ಜೀಪು ಬರಲಿಲ್ಲ. ಆ ಫಾರಂ ತಿದ್ದದೆ ಹಾಗೆಯೇ ಮೇಘಶ್ರೀಗೆ ಹೋಯಿತು. ಮರುದಿನ ಬೆಳಿಗ್ಗೆ, ಯಾರೂ ಕರೆಯದಿದ್ದರೂ, ಶಾಂತವೀರಪ್ಪನವರು ಸುಣ್ಣದ ಡಬ್ಬಿ ಹಿಡಿದು ಗಿಡ್ಡಮ್ಮನ ಹಿಂದೆ ಹೊರಟರು.