ಮುಂಬಯಿಯಲ್ಲಿ ಹತ್ತಿದರಾಯಿತು

ಮೊನ್ನೆ ಅಟ್ಟದ ಮೇಲಿನ ಹಳೆಯ ಡಬ್ಬಿ ತೆರೆದೆ. ಒಣ ಶೆಟ್ಲಿ ಮೀನಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಒಳಗೆ ಮೀನಿರಲಿಲ್ಲ, ತಂಗಿ ನಾಗವೇಣಿಯ ಹಳೆಯ ವಿಮಾನದ ಟಿಕೆಟಿತ್ತು. ನಮ್ಮ ಆಯಿ, ಎಂದರೆ ಅಮ್ಮ, ಮುಖ್ಯವಾದ ಕಾಗದಗಳನ್ನೆಲ್ಲ ಶೆಟ್ಲಿ ಡಬ್ಬಿಯಲ್ಲೇ ಇಡುತ್ತಿದ್ದಳು. ಹುಳ ಹಿಡಿಯುವುದಿಲ್ಲ ಎಂದು ಅವಳ ನಂಬಿಕೆ. ನನ್ನ ಅಂಕಪಟ್ಟಿಗೂ ಅದೇ ಪರಿಮಳ. ಕೆಲಸದ ಸಂದರ್ಶನದಲ್ಲಿ ಒಬ್ಬರು ಅದನ್ನು ಎರಡು ಸಲ ಮೂಸಿ ನೋಡಿದ್ದರು. ಆದರೆ ಈ ಟಿಕೆಟಿನ ವಾಸನೆಗೆ ನಗು ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅಪ್ಪ ತೀರಿಕೊಂಡಿದ್ದ. ಆಯಿ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು, ನಾನು ಕಾರವಾರದಲ್ಲಿ ಗುಮಾಸ್ತನಾಗಿದ್ದೆ. ನಾಗವೇಣಿಗೆ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಹೇಳಿದ ದಿನ ಹಾಜರಾಗದಿದ್ದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ. ಕಾರವಾರದ ಟಿಕೆಟ್ ಏಜೆಂಟ್ ಒಂದು ವಿಚಿತ್ರ ಹೇಳಿದ. ಮುಂಬಯಿಯಿಂದ ನೇರ ಮಸ್ಕತ್ತಿಗೆ ದರ ಹೆಚ್ಚು. ಗೋವಾದಿಂದ ಹೊರಟು, ಮುಂಬಯಿಯಲ್ಲಿ ವಿಮಾನ ಬದಲಿಸಿ, ಮಸ್ಕತ್ತಿಗೆ ಹೋದರೆ ಕಡಿಮೆ. ನಾಗವೇಣಿಗೋ ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಲು ಹೇಗೂ ನಾಲ್ಕು ದಿನ ಮೊದಲೇ ಮುಂಬಯಿಗೆ ಹೋಗುವುದಿತ್ತು.

ಇಲ್ಲಿ ನಿಮಗೆ ಅಂಕೋಲೆಯವರ ಒಂದು ಅಭ್ಯಾಸ ಹೇಳಬೇಕು. ದೂರದೂರಿನ ಬಸ್ಸು ಹೊರಡುವುದು ಕಾರವಾರದಿಂದ. ಅಂಕೋಲೆಯ ಹೆಸರಿಗೆ ಸಿಗುವ ಸೀಟು ಎರಡೋ ಮೂರೋ. ಅದಕ್ಕೇ ನಾವು ಕಾರವಾರದಿಂದ ಸೀಟು ಮಾಡಿಸಿ ಅಂಕೋಲೆಯಲ್ಲಿ ಹತ್ತುತ್ತೇವೆ. ಕಂಡಕ್ಟರನಿಗೆ ಮೊದಲೇ ಒಂದು ಮಾತು ಮುಟ್ಟಿಸಿದರೆ ಖಾಲಿ ಸೀಟಿನ ಮೇಲೆ ಟವೆಲ್ ಹಾಕಿ ಕಾದಿರಿಸುತ್ತಾನೆ. ವಿಮಾನವೂ ಒಂದು ಬಗೆಯ ಬಸ್ಸೇ ಅಲ್ಲವೆ? ಗೋವಾದಿಂದ ಟಿಕೆಟ್ ಮಾಡಿಸಿ ಮುಂಬಯಿಯಲ್ಲಿ ಹತ್ತಿದರಾಯಿತು. ಏಜೆಂಟನಿಗೆ ಈ ಉಪಾಯ ಹೇಳಲಿಲ್ಲ. ಹೇಳಿದರೆ ದರ ಏರಿಸಿಯಾನು ಎಂಬ ಹುಷಾರಿ ನನ್ನದು.

“ಅಣ್ಣಾ, ಒಮ್ಮೆ ಕೇಳೂದಲ್ವಾ?” ಎಂದಳು ನಾಗವೇಣಿ.

“ಅದ್ರಲ್ಲಿ ಕೇಳೂಕೆ ಎಂತ ಅದೆ? ನೀ ಸುಮ್ನೆ ಮುಂಬಯಿಲಿ ಹತ್ತು.”

ಅವಳನ್ನು ರೈಲಿಗೆ ಹತ್ತಿಸಿ ಬಂದೆ. ವಿಮಾನದ ಹಿಂದಿನ ದಿನ ಬೆಳಿಗ್ಗೆ ಏಜೆಂಟನ ಅಂಗಡಿಯ ಮುಂದೆ ಹೋಗುತ್ತಿದ್ದವನು ಜಂಬ ತಡೆಯಲಾರದೆ ಒಳಗೆ ಹೋಗಿ ನನ್ನ ಜಾಣತನ ಬಿಚ್ಚಿಟ್ಟೆ. ಅವನು ಕುಡಿಯುತ್ತಿದ್ದ ಚಹಾದ ಲೋಟ ಕೆಳಗಿಟ್ಟ.

“ಗೋವಾದಲ್ಲಿ ಹತ್ತಿ ಟಿಕೆಟಿನ ಮೊದಲ್ನೇ ಹಾಳೆ ಹರಿಸ್ದೆ ಮುಂದಿನ ಹಾಳೆ ನಡೂದಿಲ್ಲ ಮಾರಾಯ್ರೇ. ಬರ್ಲಿಲ್ಲ ಅಂತ ಪೂರಾ ಟಿಕೆಟ್ ರದ್ದು ಮಾಡ್ತಾರೆ. ಟವೆಲ್ ಹಾಕೂಕೆ ಅಲ್ಲಿ ಯಾರಿದ್ದಾರೆ? ಮುಂಬಯಿಂದ ಬೇರೆ ಸೀಟು ಕೇಳ್ಬೇಡಿ, ನಾಳೆದ್ದು ಭರ್ತಿ ಆಗ್ಯದೆ.”

ಅಲ್ಲಿಂದ ಓಡಿದೆ. ಎಸ್‌ಟಿಡಿ ಬೂತಿಗೆ ಹೋಗಿ, ಅವಳು ಇಳಿದುಕೊಂಡಿದ್ದ ಮುಂಬಯಿಯ ಚಿಕ್ಕಮ್ಮನ ಪಕ್ಕದ ಮನೆಗೆ ಫೋನ್ ಹಚ್ಚಿ ಅವಳನ್ನು ಕರೆಸಿದೆ. ನಿಜ ಹೇಳಬೇಕೆಂದೇ ಇದ್ದೆ. ಅವಳ ಧ್ವನಿ ಕೇಳಿದ್ದೇ ಬಾಯಿಗೆ ಸುಳ್ಳು ಬಂತು. “ಕಂಪನಿಯವ್ರು ಕಾಯ್ದೆ ಬದಲು ಮಾಡಿದ್ರಂತೆ ತಂಗೀ. ಇವತ್ತೇ ರೈಲು ಹತ್ತಿ ಮಡಗಾಂವಿಗೆ ಬಾ. ಗೋವಾದಿಂದ್ಲೇ ಹತ್ಬೇಕಂತೆ.”

ಬೂತಿನ ಮೀಟರು ಓಡುತ್ತಿತ್ತು. “ಪಾಸ್‌ಪೋರ್ಟ್ ಸಂಜೆಗೆ ಕೈಗೆ ಸಿಗ್ತದೆ. ಬರ್ತೆ,” ಎಂದು ಫೋನಿಟ್ಟಳು. ಮುಂಬಯಿಗೆ ಹಾರಲೆಂದು ಮುಂಬಯಿಯಿಂದ ಗೋವಾಕ್ಕೆ ಹೊರಟವಳು ಜಗತ್ತಿನಲ್ಲಿ ನನ್ನ ತಂಗಿಯೊಬ್ಬಳೇ ಇದ್ದಿರಬೇಕು.

ಆಯಿಗೂ ಅದೇ ಸುಳ್ಳು ಹೇಳಿದೆ. ಮರುದಿನ ಬೆಳಿಗ್ಗೆ ಆಯಿಯೂ ನಾನೂ ಮಡಗಾಂವ್ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆವು. ರೈಲು ಒಂದು ತಾಸು ತಡ ಎಂದರು, ಆಮೇಲೆ ಎರಡು ತಾಸು. ಪಾಸ್‌ಪೋರ್ಟ್ ಸಿಕ್ಕಿತೋ ಇಲ್ಲವೋ, ರೈಲು ಹತ್ತಿದ್ದಾಳೋ ಇಲ್ಲವೋ, ಏನೂ ಗೊತ್ತಿಲ್ಲ. ದೂರದ ಪ್ರಯಾಣಕ್ಕೆ ದರ ಹೇಗೆ ಕಡಿಮೆ ಎಂದು ಆಯಿ ಕೇಳಿದಳು. ಎರಡೂ ಹಾರಾಟಕ್ಕೆ ಕೂಡಿ ಒಂದೇ ದರ, ಒಂದನ್ನು ಬಿಟ್ಟರೆ ಪೂರಾ ರದ್ದು ಎಂದು ಏಜೆಂಟ್ ಹೇಳಿದ್ದನ್ನೇ ಒಪ್ಪಿಸಿದೆ.

“ಅವ್ರದ್ದೂ ಮೀನಿನ ಪಾಲೇ ಹೇಳು,” ಎಂದಳು. “ದೊಡ್ಡದು ಸಣ್ಣದು ಕೂಡಿಸಿ ಇಟ್ಟ ಇಡೀ ಪಾಲಿಗೆ ಒಂದು ದರ. ಸಣ್ಣ ಮೀನು ಇಲ್ಲೇ ಇರ್ಲಿ, ದೊಡ್ಡದಷ್ಟೇ ತಗಂಡು ಹೋಗ್ತೆ ಅಂದ್ರೆ ಆ ದರಕ್ಕೆ ನಾ ಕೊಡ್ತೆನಾ? ಇದ್ಕೆ ಕಾಯ್ದೆ ಬದಲು ಮಾಡೂದು ಎಂತಕ್ಕೆ ಬೇಕಿತ್ತು?”

ನಾನು ಸಿಗ್ನಲ್ ಕಡೆ ನೋಡುತ್ತ ನಿಂತೆ. ಬಾಯ್ತುಂಬ ಲೆಕ್ಕ ಹೇಳುವ ನನಗಿಂತ ಬುಟ್ಟಿ ಹೊತ್ತವಳಿಗೆ ವಿಮಾನದ ದರ ಬೇಗ ಅರ್ಥವಾಗಿತ್ತು.

ರೈಲು ಬಂತು. ನಾಗವೇಣಿಯ ಕಾಲು ಬಾತುಕೊಂಡಿತ್ತು. ಮುಂಬಯಿಯಿಂದ ನಿಂತೇ ಬಂದಿದ್ದಳು. ದಾಬೋಳಿ ವಿಮಾನ ನಿಲ್ದಾಣಕ್ಕೆ ಹೋಗುವ ಕಾರಿನಲ್ಲಿ ಆಯಿ ಅವಳ ಕೈ ಹಿಡಿದುಕೊಂಡು, “ನಿನ್ನ ಅಣ್ಣಗೆ ಟೈಮಿಗೆ ತಿಳೀತು, ಬಚಾವಾದ್ವಿ. ಅವ ಇದ್ದ ಅಂತ ನಂಗೆ ಧೈರ್ಯ,” ಎಂದಳು. ನಾಗವೇಣಿ ನನ್ನ ಮುಖ ನೋಡಿ “ಹೌದು” ಎಂದಳು. ವಿಮಾನದ ಬಾಗಿಲು ಮುಚ್ಚಲು ಸ್ವಲ್ಪ ಹೊತ್ತಿರುವಾಗ ಒಳಗೆ ಹೋದಳು. ಮೊದಲ ರಜೆಗೆ ಬಂದಾಗ ಹಾಳೆ ಹರಿದು ಉಳಿದ ಟಿಕೆಟನ್ನು ಆಯಿಯ ಕೈಗೆ ಕೊಟ್ಟಳು, ಅದು ಡಬ್ಬಿ ಸೇರಿತು.

ಆಯಿ ಹೋಗಿ ವರ್ಷಗಳಾದವು. ಮೊನ್ನೆ ಟಿಕೆಟ್ ಕೈಯಲ್ಲಿಟ್ಟುಕೊಂಡೇ ಮಸ್ಕತ್ತಿಗೆ ಫೋನ್ ಮಾಡಿದೆ. ಕಾಯ್ದೆ ಯಾರೂ ಬದಲಿಸಿರಲಿಲ್ಲ, ನಾನು ಕೇಳಿರಲಿಲ್ಲ ಎಂದು ಕೊನೆಗೂ ಹೇಳಿದೆ.

“ಗೊತ್ತಿತ್ತು ಅಣ್ಣಾ. ಟಿಕೆಟಿನ ಹಿಂದೆ ಬರ್ದಿತ್ತಲ್ಲ. ರೈಲಲ್ಲಿ ಓದೂಕೆ ಬೇರೆ ಎಂತ ಇತ್ತು?”

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಆಯಿ ಬಾಜೂಗೇ ಇದ್ಳಲ್ಲ. ನಾ ಹೋದ್ಮೇಲೆ ಅವ್ಳಿಗೆ ನಂಬೂಕೆ ಇದ್ದವ ನೀ ಒಬ್ನೇ.”

ಫೋನಿಟ್ಟು ಟಿಕೆಟನ್ನು ತಿರುಗಿಸಿದೆ. ಸಣ್ಣ ಅಕ್ಷರಗಳ ಒಂದು ಸಾಲಿನ ಕೆಳಗೆ ಪೆನ್ನಿನ ಗೆರೆಯಿತ್ತು, ಓಡುವ ರೈಲಿನಲ್ಲಿ ಎಳೆದದ್ದಕ್ಕೆ ಡೊಂಕಾಗಿತ್ತು.