ಕಾಕಾನ ಹಂಸ

ಕಮಲಾಪುರದಿಂದ ಕಾಕಾ ಒಂದು ಹೆಬ್ಬಾತು ತಂದು, ಇದು ಹಾಲಿನಿಂದ ನೀರು ಬೇರ್ಪಡಿಸುವ ಹಂಸವೆಂದು ಸಾರಿದರು. ನಾನು ಅವರದೇ ದನಿಯಲ್ಲಿ "ಹಂಸ ಅನ್ರಿ, ಬಾತು ಅನಬ್ಯಾಡ್ರಿ" ಎಂದು ಅಣಕಿಸಿ ಕಲಬುರಗಿಯ ನಮ್ಮ ಓಣಿಯನ್ನೆಲ್ಲ ನಗಿಸಿದೆ.

ಮಾನ ಉಳಿಸಿಕೊಳ್ಳಲು ಕಾಕಾ ಒಂದು ಮುಂಜಾನೆ ಓಣಿಯವರನ್ನು ಕರೆದು, ಗೌಳಿ ತಂದ ಹಾಲನ್ನು ತಟ್ಟೆಗೆ ಸುರಿದು ಹಕ್ಕಿಯ ಮುಂದಿಟ್ಟರು. ಅದು ತಟ್ಟೆ ತುಳಿದು, ಹಾಲು ಚೆಲ್ಲಿ, ನನ್ನ ಪೈಜಾಮ ಕಚ್ಚಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಗೌಳಿ ಬೆವರುತ್ತ ಕೈಮುಗಿದ.

"ಕ್ಯಾನ್ ತೊಳಿಯಾಗ ಜರಾ ನೀರು ಉಳದಿತ್ರೀ. ನಾಳಿಂದ ಹಂಗಾಗಂಗಿಲ್ಲ."

"ಏನಲೇ ನಕಲಿ, ಈಗ ನಗು ನೋಡೋಣ" ಎಂದರು ಕಾಕಾ, ಅಣಕಿಸಿದ್ದ ನನ್ನತ್ತ ತಿರುಗಿ.

ಹೆಬ್ಬಾತನ್ನು ಮೊಟ್ಟೆಗೆ, ಕಾವಲಿಗೆ ಸಾಕುತ್ತಾರಂತೆ. ನಮ್ಮ ಓಣಿಯಲ್ಲಿ ಈಗ ಮೂರು ಮನೆಯವರು ಗಟ್ಟಿ ಹಾಲಿಗಾಗಿ ಸಾಕಿದ್ದಾರೆ. ಅವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟವನು ನಾನೇ.